ಆ್ಯಪ್‌ನಲ್ಲಿ ನಾಲ್ಕೂ ತಂತಿ ಹಸಿರು, ಆದರೂ ತಂಬೂರಿ ಕೂಡುತ್ತಿಲ್ಲ

ಪ್ರಶ್ನೆ: ನಾನು ಡೊಂಬಿವಲಿಯಲ್ಲಿದ್ದೇನೆ, ಮೂರು ವರ್ಷದಿಂದ ಹಿಂದುಸ್ತಾನಿ ಗಾಯನ ಕಲಿಯುತ್ತಿದ್ದೇನೆ. ನನ್ನ ಷಡ್ಜ ಕಾಳಿ ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ). ಮೀರಜ್‌ನಲ್ಲಿ ಮಾಡಿದ, ಬೇರೆಯವರು ಬಳಸಿದ್ದ ತಂಬೂರಿಯೊಂದನ್ನು ಕೊಂಡಿದ್ದೇನೆ. ಫೋನಿನ ಟ್ಯೂನರ್ ಆ್ಯಪ್ ಇಟ್ಟುಕೊಂಡು ಶ್ರುತಿ ಮಾಡುತ್ತೇನೆ. ನಾಲ್ಕೂ ತಂತಿಗೆ ಹಸಿರು ಬರುತ್ತದೆ, ಆದರೂ ಗುರುಗಳು ಎರಡು ಸಲ ಮೀಟಿ ನೋಡಿ ‘ಕೂಡಿಲ್ಲ’ ಅಂತಾರೆ. ಖರ್ಜದ (ಎಲ್ಲಕ್ಕಿಂತ ಕೆಳಗಿನ ಷಡ್ಜದ, ನಾಲ್ಕನೆಯ) ತಂತಿಯಂತೂ ಎಷ್ಟು ತಿರುವಿದರೂ ಒಂದು ಕಡೆ ನಿಲ್ಲುವುದಿಲ್ಲ. ಆ್ಯಪ್ ಇಲ್ಲದೆ ಕಿವಿಯಿಂದಲೇ ಕೂಡಿಸುವುದು ಹೇಗೆ?

ಉತ್ತರ: ಆ್ಯಪ್ ಸುಳ್ಳು ಹೇಳುತ್ತಿಲ್ಲ, ನಿಮ್ಮ ಗುರುಗಳೂ ತಪ್ಪು ಹೇಳುತ್ತಿಲ್ಲ. ಆ್ಯಪ್ ಒಂದೊಂದು ತಂತಿಯನ್ನು ಒಂಟಿಯಾಗಿ ನಿಲ್ಲಿಸಿ ಅಳೆಯುತ್ತದೆ. ಗುರುಗಳು ಕೇಳುವುದು ನಾಲ್ಕು ತಂತಿ ಸೇರಿದಾಗ ಏನಾಗುತ್ತದೆ ಎಂಬುದನ್ನು. ತಂಬೂರಿಯಲ್ಲಿ ಶ್ರುತಿ ಎಂದರೆ ಒಂದು ತಂತಿಗೆ ಇನ್ನೊಂದು ತಂತಿಯ ಜೊತೆಗಿರುವ ಸಂಬಂಧ. ಆ್ಯಪ್‌ನಿಂದಲೋ ಪೆಟ್ಟಿಗೆಯಿಂದಲೋ (ಹಾರ್ಮೋನಿಯಂ) ಷಡ್ಜ ಒಂದನ್ನು ತೆಗೆದುಕೊಳ್ಳಿ, ಮಿಕ್ಕ ಮೂರು ತಂತಿಗಳನ್ನು ಆ ಷಡ್ಜಕ್ಕೇ ಒಪ್ಪಿಸಿ.

ಮೊದಲು ನಿಮ್ಮ ತಂಬೂರಿಯ ಲೆಕ್ಕ ನೋಡೋಣ. ಕಾಳಿ ಒಂದು ಎಂದರೆ ನಡುವಿನ ಜೋಡಿ ತಂತಿಗಳು ಸೆಕೆಂಡಿಗೆ 138.6 ಸಲ ಕಂಪಿಸಬೇಕು, ಅಂದರೆ 138.6 ಹರ್ಟ್ಜ್. ಖರ್ಜ ಅದರ ಅರ್ಧ, 69.3. ಮೊದಲನೆಯ ತಂತಿ ಮಂದ್ರ (ಕೆಳಗಿನ ಸಪ್ತಕದ) ಪಂಚಮ, ಷಡ್ಜದ ಮುಕ್ಕಾಲು ಭಾಗ, 103.95. ಈ ಅರ್ಧ, ಮುಕ್ಕಾಲು ಎಂಬ ಸರಳ ಭಾಗಗಳಲ್ಲೇ ಎಲ್ಲ ಗುಟ್ಟೂ ಇದೆ. ತಂತಿ ಮೀಟಿದಾಗ ಒಂದೇ ಸ್ವರ ಬರುವುದಿಲ್ಲ. ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಸ್ವರಗಳು ಜೊತೆಗೇ ಏಳುತ್ತವೆ. ಇವನ್ನು ಹಾರ್ಮೋನಿಕ್ ಎನ್ನೋಣ. ಷಡ್ಜದ ಮೂರನೆಯ ಹಾರ್ಮೋನಿಕ್ 415.8. ಪಂಚಮದ ತಂತಿಯ ನಾಲ್ಕನೆಯದೂ 415.8. ಎರಡು ತಂತಿಗಳು ಹೀಗೆ ಮೇಲೆಲ್ಲೋ ಒಂದು ಕಡೆ ಸಂಧಿಸುತ್ತವೆ, ಕೂಡಿಸುವ ಕೆಲಸ ನಡೆಯುವುದು ಆ ಸಂಧಿಯಲ್ಲಿ.

ಈಗ ಆ್ಯಪ್ ಎಲ್ಲಿ ಎಡವಿಸುತ್ತದೆ ನೋಡಿ. ಆ್ಯಪ್‌ಗಳು ಸಾಮಾನ್ಯವಾಗಿ ಪಿಯಾನೊದ ಹಾಗೆ ಸಪ್ತಕವನ್ನು 12 ಸಮಭಾಗ ಮಾಡಿ ಎಣಿಸುತ್ತವೆ. ಆ ಲೆಕ್ಕದಲ್ಲಿ ಮಂದ್ರ ಪಂಚಮ 103.83. ನಮಗೆ ಬೇಕಾದದ್ದಕ್ಕಿಂತ ಇದು 2 ಸೆಂಟ್ ಕೆಳಗೆ (ಪೆಟ್ಟಿಗೆಯ ಎರಡು ಪಕ್ಕಪಕ್ಕದ ಮನೆಗಳ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್). ಬಹಳ ಜನ ಈ ಎರಡು ಸೆಂಟಿನ ಮೇಲೇ ತಪ್ಪು ಹೊರಿಸುತ್ತಾರೆ. ಅದು ನಿಜವಾದ ವ್ಯತ್ಯಾಸವೇ ಹೌದು, ಆದರೆ ದೊಡ್ಡ ಅಪರಾಧಿ ಅದಲ್ಲ. ದೊಡ್ಡ ಅಪರಾಧಿ ಆ ಹಸಿರು ಬಣ್ಣವೇ. ಸ್ವರ ಕರಾರುವಾಕ್ಕಾಗಿ ಬಂದಾಗ ಮಾತ್ರ ಹಸಿರಾಗುವುದಿಲ್ಲ, ಆಚೀಚೆ ಒಂದಿಷ್ಟು ಸೆಂಟ್ ಇದ್ದರೂ ಹಸಿರಾಗುತ್ತದೆ. ನಿಮ್ಮ ಆ್ಯಪ್ 4 ಸೆಂಟಿನವರೆಗೆ ಬಿಡುತ್ತದೆ ಎಂದುಕೊಳ್ಳಿ. ಜೋಡಿಯ ಒಂದು ತಂತಿ 4 ಸೆಂಟ್ ಮೇಲೆ, ಇನ್ನೊಂದು 4 ಸೆಂಟ್ ಕೆಳಗೆ ಇದ್ದರೂ ಎರಡಕ್ಕೂ ಹಸಿರು. ಆದರೆ ಅವೆರಡರ ನಡುವೆ 8 ಸೆಂಟ್ ಬಿರುಕು. ಮೂಲ ಸ್ವರದಲ್ಲಿ ಅದು ಮೂರು ಸೆಕೆಂಡಿಗೆ ಎರಡು ಅಲೆಯಷ್ಟು, ನಿಧಾನ, ಗಮನಕ್ಕೆ ಬಾರದಿರಬಹುದು. ಎಂಟನೆಯ ಹಾರ್ಮೋನಿಕ್‌ನಲ್ಲಿ ಅದೇ ಬಿರುಕು ಸೆಕೆಂಡಿಗೆ ಐದು ಸಲ ನಡುಗುತ್ತದೆ. ಜವಾರಿ (ಕುದುರೆಯ ಮೇಲೆ ತಂತಿಯ ಅಡಿಗೆ ದಾರ ಇಟ್ಟು ಬರಿಸುವ ಝೇಂಕಾರ) ತೆರೆದ ತಂಬೂರಿಯಲ್ಲಿ ಕೇಳಿಸುವುದೆಲ್ಲ ಆ ಮೇಲಿನ ಹಾರ್ಮೋನಿಕ್‌ಗಳೇ. ನಿಮ್ಮ ಗುರುಗಳ ಕಿವಿಗೆ ಚುಚ್ಚುವುದು ಆ ನಡುಕ.

ಇನ್ನೂ ಒಂದು. ಖರ್ಜದ 69.3 ಹರ್ಟ್ಜ್ ಫೋನಿನ ಸಣ್ಣ ಮೈಕಿಗೆ ಸರಿಯಾಗಿ ಸಿಗುವುದಿಲ್ಲ. ಅದು ಎರಡನೆಯ ಅಥವಾ ಮೂರನೆಯ ಹಾರ್ಮೋನಿಕ್ ಹಿಡಿದುಕೊಂಡು ಓದುತ್ತದೆ. ಖರ್ಜ ಮೀಟಿದಾಗ ಆ್ಯಪ್ ಒಮ್ಮೊಮ್ಮೆ ಪಂಚಮ ತೋರಿಸುವುದು ಇದೇ ಕಾರಣಕ್ಕೆ. ಅದನ್ನು ನಂಬಿ ಖುಂಟಿ (ತಂತಿ ಬಿಗಿಯುವ ಗೂಟ) ತಿರುವಬೇಡಿ.

ಅಲೆ ಎಂದೆನಲ್ಲ, ಅದನ್ನು ಕೇಳುವುದು ಕಲಿತರೆ ಅರ್ಧ ವಿದ್ಯೆ ಬಂದಂತೆ. ಶಾಲೆಯ ಭೌತಶಾಸ್ತ್ರದಲ್ಲಿ ಇದನ್ನು ವಿಸ್ಪಂದ ಎಂದು ಓದಿರುತ್ತೀರಿ. ಹತ್ತಿರ ಹತ್ತಿರದ ಎರಡು ಸ್ವರ ಒಟ್ಟಿಗೆ ನುಡಿದಾಗ ಸದ್ದು ‘ವ್ವಾಂ… ವ್ವಾಂ… ವ್ವಾಂ’ ಎಂದು ಏರಿ ಇಳಿಯುತ್ತದೆ. ಸೆಕೆಂಡಿಗೆ ಎಷ್ಟು ಸಲ ಏರಿಳಿಯಿತೋ ಅಷ್ಟು ಹರ್ಟ್ಜ್ ವ್ಯತ್ಯಾಸ. ನಿಮ್ಮ ಷಡ್ಜದಲ್ಲಿ ಸೆಕೆಂಡಿಗೆ ಒಂದು ಅಲೆ ಎಂದರೆ ಸುಮಾರು 12 ಸೆಂಟ್ ದೂರ. ಹತ್ತಿರ ಬಂದಂತೆ ಅಲೆ ಉದ್ದವಾಗುತ್ತ ಹೋಗಿ, ಕೂಡಿದ ಕ್ಷಣ ನಿಂತೇಬಿಡುತ್ತದೆ. ದಾಟಿ ಮುಂದೆ ಹೋದರೆ ಮತ್ತೆ ಶುರು. ಅಲೆಯೊಂದರಿಂದ ಮೇಲಿದ್ದೀರೋ ಕೆಳಗಿದ್ದೀರೋ ಗೊತ್ತಾಗುವುದಿಲ್ಲ. ಅದಕ್ಕೇ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬರಬೇಕು.

ಕೂಡಿಸಲು ಕೂರುವ ಮೊದಲು ಒಂದಷ್ಟು ಸಿದ್ಧತೆ ಬೇಕು. ತಂಬೂರಿಯನ್ನು ಗವಸಿನಿಂದ ತೆಗೆದು ಹದಿನೈದು ನಿಮಿಷ ಕೋಣೆಯ ಗಾಳಿಗೆ ಬಿಡಿ. ಹಾಡುವಾಗ ನಿಲ್ಲಿಸಿ ಮೀಟುವವರು ಕೂಡಿಸುವಾಗಲೂ ನಿಲ್ಲಿಸಿಯೇ ಕೂಡಿಸಿ, ಮಲಗಿಸಿ ಮೀಟುವವರು ಮಲಗಿಸಿಯೇ. ಭಂಗಿ ಬದಲಾದರೆ ದಂಡಿಯ (ತಂಬೂರಿಯ ಉದ್ದನೆಯ ಕತ್ತಿನ) ಬಾಗು ಕೂದಲೆಳೆಯಷ್ಟು ಬದಲಾಗುತ್ತದೆ, ಸ್ವರ ಸರಿಯುತ್ತದೆ. ಕುದುರೆಯ (ಬುರುಡೆಯ ಮೇಲೆ ತಂತಿಗಳು ಕೂರುವ ಪಟ್ಟಿ) ಮೇಲಿನ ಜವಾರಿಯ ದಾರಗಳನ್ನು ಹಿಂದಕ್ಕೆ, ಕುದುರೆಯ ಹಿಂದೆ ತಂತಿಗಳಿಗೆ ಪೋಣಿಸಿರುವ ಮಣಿಗಳ ಕಡೆಗೆ ಜರುಗಿಸಿ. ಮೊದಲ ಹಂತದಲ್ಲಿ ತಂತಿ ಸಾದಾ ನುಡಿಯಲಿ. ನಾಲ್ಕು ಮಣಿಗಳನ್ನೂ ಅವುಗಳ ಓಡಾಟದ ನಡುವಿಗೆ ತಂದಿಡಿ, ಆಮೇಲೆ ಎರಡೂ ಕಡೆ ಸರಿಸಲು ಜಾಗ ಇರಬೇಕು. ಬಹಳ ಜನ ಮರೆಯುವುದು ಇದನ್ನೇ. ಮಣಿ ತುದಿಗೆ ಹೋಗಿ ಕೂತಿರುತ್ತದೆ, ಕೊನೆಯ ಕ್ಷಣದಲ್ಲಿ ಸ್ವಲ್ಪ ಏರಿಸೋಣ ಎಂದರೆ ಏರಿಸಲು ಏನೂ ಉಳಿದಿರುವುದಿಲ್ಲ.

ಯಾವ ಖುಂಟಿ ಯಾವ ತಂತಿಗೆ ಎಂಬುದನ್ನು ತಂತಿಯ ಮೇಲೆ ಬೆರಳು ಜಾರಿಸಿಕೊಂಡು ಹೋಗಿ ಖಚಿತ ಮಾಡಿಕೊಳ್ಳಿ. ಒಂದನ್ನು ಮೀಟುತ್ತ ಇನ್ನೊಂದರ ಖುಂಟಿ ತಿರುವಿ ತಂತಿ ಕಡಿದುಕೊಳ್ಳುವುದು ಹೊಸಬರಲ್ಲಿ ಮಾಮೂಲಿ. ಸಪ್ತಕ ತಪ್ಪುವುದು ಅದಕ್ಕಿಂತ ಅಪಾಯ. ಒಂದು ಮೀಟರ್ ಉದ್ದದ 0.30 ಮಿ.ಮೀ. ಉಕ್ಕಿನ ತಂತಿ 138.6 ಹರ್ಟ್ಜ್ ನುಡಿಯಲು ಸುಮಾರು 4.3 ಕಿಲೊ ತೂಕದ ಎಳೆತ ಬೇಕು. ಅದನ್ನು ತಾರ (ಮೇಲಿನ ಸಪ್ತಕದ) ಷಡ್ಜ ಎಂದು ತಪ್ಪಾಗಿ ಕೇಳಿಸಿಕೊಂಡು ಏರಿಸಲು ಹೋದರೆ ಸ್ವರ ಎರಡು ಪಟ್ಟು, ಎಳೆತ ನಾಲ್ಕು ಪಟ್ಟು, 17 ಕಿಲೊ. ಆ ತಂತಿಯ ತಾಳಿಕೆ ಮುಗಿಯುವುದೇ ಅಲ್ಲಿ. ಖುಂಟಿಯ ಹತ್ತಿರ ಮಡಿಸಿದ ಜಾಗದಲ್ಲಿ ಪಟ್ಟೆಂದು ಕಡಿಯುತ್ತದೆ. ತಂತಿ ಬಿಗಿಯುವಾಗ ಮುಖ ಹತ್ತಿರ ಇಡಬೇಡಿ.

ಈಗ ಕೂಡಿಸುವ ಕೆಲಸ. ಮೊದಲನೆಯ ತಂತಿಯಾದ ಪಂಚಮದಿಂದ ಶುರು ಮಾಡಬೇಡಿ, ಜೋಡಿಯ ಒಂದು ತಂತಿಯಿಂದ ಶುರು ಮಾಡಿ. ಮೂರನೆಯ ತಂತಿ ಎಂದುಕೊಳ್ಳಿ. ಪೆಟ್ಟಿಗೆಯ ಕಾಳಿ ಒಂದನ್ನು, ಇಲ್ಲವೇ ಆ್ಯಪ್‌ನ ಸ್ವರವನ್ನು ಸಣ್ಣಗೆ ಹಿಡಿದಿಟ್ಟು ತಂತಿಯನ್ನು ಉದ್ದೇಶಪೂರ್ವಕ ಸ್ವಲ್ಪ ಕೆಳಗಿಳಿಸಿ. ಖುಂಟಿಯನ್ನು ಒಳಕ್ಕೆ ಒತ್ತುತ್ತ ತಿರುವಿ ನಿಧಾನಕ್ಕೆ ಏರಿಸಿ. ಬರೀ ತಿರುವಿದರೆ ಕೈ ಬಿಟ್ಟ ಕೂಡಲೇ ಖುಂಟಿ ಹಿಂದಕ್ಕೆ ಜಾರುತ್ತದೆ. ಅಲೆ ನಿಂತ ಮೇಲೆ ಮೇರುವಿಗೂ (ದಂಡಿಯ ಮೇಲ್ತುದಿಯಲ್ಲಿ ತಂತಿ ಹಾಯುವ ಹಳ್ಳಗಳ ಪಟ್ಟಿ) ಖುಂಟಿಗೂ ನಡುವೆ ಇರುವ ತಂತಿಯ ಭಾಗವನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಡಿ. ಮೇರುವಿನ ಹಳ್ಳದಲ್ಲಿ ತಂತಿ ಸಿಕ್ಕಿಕೊಂಡಿದ್ದರೆ ಆಗ ಸರಿದು ಕೂರುತ್ತದೆ, ಸ್ವರ ಬದಲಾಗುತ್ತದೆ. ಮತ್ತೆ ಸರಿಮಾಡಿ, ಮತ್ತೆ ಒತ್ತಿ. ಒತ್ತಿದರೂ ಬದಲಾಗದಿದ್ದರೆ ತಂತಿ ನೆಲೆ ನಿಂತಿದೆ. ತಿರುವುವಾಗ ಸ್ವರ ಏರದೆ ಏರದೆ ಒಮ್ಮೆಗೇ ‘ಟುಕ್’ ಎಂದು ಹಾರಿದರೆ ಹಳ್ಳ ಬಿಗಿಯಾಗಿದೆ ಎಂದರ್ಥ. ತಂತಿ ಎತ್ತಿ ಹಳ್ಳದಲ್ಲಿ ಸೀಸದ ಪೆನ್ಸಿಲ್ ತುದಿ ನಾಲ್ಕು ಸಲ ಎಳೆಯಿರಿ, ಸಾಕು.

ಮೀಟುವ ಜೋರು ಒಂದೇ ಸಮ ಇರಲಿ. ಜೋರಾಗಿ ಎಳೆದು ಬಿಟ್ಟ ತಂತಿ ಮೊದಲ ಕ್ಷಣ ಮೇಲಿನ ಸ್ವರ ನುಡಿದು ಆಮೇಲೆ ಇಳಿಯುತ್ತದೆ, ಏಕೆಂದರೆ ಅಗಲವಾಗಿ ಆಡುವಾಗ ಅದು ಇನ್ನಷ್ಟು ಬಿಗಿಯಾಗಿರುತ್ತದೆ. ಹಾಡುವಾಗ ಎಷ್ಟು ಮೆತ್ತಗೆ ಮೀಟುತ್ತೀರೋ ಅಷ್ಟೇ ಮೆತ್ತಗೆ, ಬೆರಳಿನ ಪಕ್ಕದ ಮಾಂಸದಿಂದ ಮೀಟಿ. ಉಗುರಿನಿಂದ ಬೇಡ.

ಮುಂದೆ ಜೋಡಿಯ ಎರಡನೆಯದು. ಈಗ ಪೆಟ್ಟಿಗೆ ನಿಲ್ಲಿಸಿ. ಎರಡನೆಯ ತಂತಿಯನ್ನು ಸ್ವಲ್ಪ ಇಳಿಸಿ, ಎರಡನ್ನೂ ಒಂದರ ಹಿಂದೆ ಒಂದು ಮೀಟಿ, ಏರಿಸುತ್ತ ಬನ್ನಿ. ಇಲ್ಲಿ ಅಭ್ಯಾಸ ಮಾಡಲು ಚೆನ್ನಾದ ಅವಕಾಶ ಇದೆ. ಸೆಕೆಂಡಿಗೆ ನಾಲ್ಕು ಅಲೆ ಬರುವಲ್ಲಿ ನಿಲ್ಲಿಸಿ, ಎಣಿಸಿ. ಎರಡಕ್ಕೆ ತನ್ನಿ, ಎಣಿಸಿ. ಒಂದಕ್ಕೆ ತನ್ನಿ. ಆಮೇಲೆ ನಿಲ್ಲಿಸಿ. ಬೇಕೆಂದೇ ದಾಟಿಸಿ ಮತ್ತೆ ಕೆಳಗಿಳಿಸಿ ಬನ್ನಿ. ದಿನಕ್ಕೆ ಹತ್ತು ನಿಮಿಷ ಈ ಆಟ ಆಡಿದರೆ ಕೆಲವು ವಾರಗಳಲ್ಲಿ ಮೂಲ ಸ್ವರದ ನಿಧಾನದ ಅಲೆಯ ಮೇಲೆ ಇನ್ನೊಂದು ಸಣ್ಣ, ಚುರುಕಿನ ನಡುಕ ಇದೆ ಎಂಬುದು ಕೇಳತೊಡಗುತ್ತದೆ. ಅದು ಮೇಲಿನ ಹಾರ್ಮೋನಿಕ್‌ಗಳದು. ನೀವು ನಿಲ್ಲಿಸಬೇಕಾದದ್ದು ಅದನ್ನು. ದೊಡ್ಡ ಅಲೆ ನಿಂತಿತೆಂದು ಕೈಬಿಟ್ಟರೆ ಆ್ಯಪ್‌ನ ಹಸಿರಿಗಿಂತ ಹೆಚ್ಚೇನೂ ಸಾಧಿಸಿದಂತೆ ಆಗುವುದಿಲ್ಲ.

ಜೋಡಿಯ ನಂತರ ಖರ್ಜ. ಕಿವಿ ಪಳಗುವ ತನಕ ಇದಕ್ಕೊಂದು ಕೈಚಳಕ ಬಳಸಿ. ಮೇರುವಿನಿಂದ ಕುದುರೆಯವರೆಗಿನ ಉದ್ದ ಅಳೆಯಿರಿ, 100 ಸೆಂ.ಮೀ. ಇದೆ ಎಂದುಕೊಳ್ಳೋಣ. ಖರ್ಜದ ತಂತಿಯ ಸರಿಯಾಗಿ ನಡುವೆ, 50 ಸೆಂ.ಮೀ.ನಲ್ಲಿ, ಎಡಗೈ ಬೆರಳನ್ನು ಒತ್ತದೆ ಬರೀ ಸೋಕಿಸಿ. ಬಲಗೈಯಿಂದ ಕುದುರೆಯ ಕಡೆಗೆ ಮೀಟಿ, ಮೀಟಿದ ಕೂಡಲೇ ಸೋಕಿಸಿದ ಬೆರಳು ಎತ್ತಿ. ಗಂಟೆಯಂಥ ತಿಳಿಯಾದ ಒಂದು ಸದ್ದು ಉಳಿಯುತ್ತದೆ, ಅದು ಖರ್ಜದ ಎರಡನೆಯ ಹಾರ್ಮೋನಿಕ್, 138.6. ಅದು ನುಡಿಯುತ್ತಿರುವಾಗಲೇ ಜೋಡಿಯ ತಂತಿ ಮೀಟಿ. ಎರಡೂ ಒಂದೇ ಸ್ವರ ಆಗಿರುವುದರಿಂದ ಅಲೆ ನಿಚ್ಚಳವಾಗಿ ಕೇಳುತ್ತದೆ. ಎಡಗೈ ಈಗ ಖಾಲಿ ಇದೆ, ಖುಂಟಿಗೆ ಹೋಗಿ.

ಕೊನೆಗೆ ಪಂಚಮ. ಇಲ್ಲಿ ಅದೇ ಕೈಚಳಕ, ಜಾಗ ಬೇರೆ. ಜೋಡಿಯ ತಂತಿಯನ್ನು ಮೇರುವಿನಿಂದ ಮೂರನೆಯ ಒಂದು ಭಾಗದಲ್ಲಿ, 33.3 ಸೆಂ.ಮೀ.ನಲ್ಲಿ ಸೋಕಿಸಿ ಮೀಟಿದರೆ 415.8 ಬರುತ್ತದೆ, ಅಂದರೆ ತಾರ ಪಂಚಮ. ಪಂಚಮದ ತಂತಿಯನ್ನು ಕಾಲು ಭಾಗದಲ್ಲಿ, 25 ಸೆಂ.ಮೀ.ನಲ್ಲಿ ಸೋಕಿಸಿ ಮೀಟಿದರೆ ಅದೇ ತಾರ ಪಂಚಮ. (ಕಾಲು ಭಾಗದಲ್ಲಿ ಸೋಕಿಸಿದಾಗ ತಂತಿಯ ನಡುವೆ ಮೀಟಿದರೆ ಸದ್ದೇ ಏಳುವುದಿಲ್ಲ, ಕುದುರೆಯ ಹತ್ತಿರ ಮೀಟಿ.) ಎರಡನ್ನೂ ಬೆನ್ನಿಗೆ ಬೆನ್ನು ನುಡಿಸಿ ಅಲೆ ಕೇಳಿ. ಈ ಎತ್ತರದಲ್ಲಿ ನಾಲ್ಕು ಸೆಕೆಂಡಿಗೆ ಒಂದು ಅಲೆ ಎಂದರೆ ಬರೀ ಒಂದು ಸೆಂಟಿನ ವ್ಯತ್ಯಾಸ. ಯಾವ ಹಸಿರು ಬಣ್ಣವನ್ನೂ ಕಾಯದೆ ನಿಮ್ಮ ಕಿವಿ ಅಷ್ಟು ಸೂಕ್ಷ್ಮಕ್ಕೆ ಇಳಿಯಬಲ್ಲದು. ಆ್ಯಪ್ ಕೊಟ್ಟ ಪಂಚಮವನ್ನು ಹಾಗೇ ಇಟ್ಟು ಒಮ್ಮೆ ಈ ಪರೀಕ್ಷೆ ಮಾಡಿ ನೋಡಿ. ಆ್ಯಪ್ ಚಾಚೂ ತಪ್ಪದೆ ಇದ್ದರೂ ಎರಡು ಸೆಕೆಂಡಿಗೊಂದು ಅಲೆ ಬಂದೇ ಬರುತ್ತದೆ. ಆ ಅಲೆಯನ್ನು ನಿಲ್ಲಿಸಲು ಪಂಚಮವನ್ನು ಎಷ್ಟು ಏರಿಸಿದಿರೋ ಅದೇ ಮೇಲೆ ಹೇಳಿದ ಎರಡು ಸೆಂಟ್.

ನಾಲ್ಕು ತಂತಿ ಆಯಿತು ಎಂದು ಎದ್ದುಬಿಡಬೇಡಿ. ನಾಲ್ಕೂ ಸೇರಿ ದಂಡಿಯನ್ನು 17 ಕಿಲೊ ತೂಕದಷ್ಟು ಎಳೆಯುತ್ತಿರುತ್ತವೆ. ಪಂಚಮ ಬಿಗಿದಾಗ ದಂಡಿ ಚೂರು ಬಾಗಿ ಜೋಡಿ ಕೆಳಗಿಳಿದಿರುತ್ತದೆ. ಮತ್ತೆ ಜೋಡಿಯ ಮೂರನೆಯ ತಂತಿಯಿಂದ ಶುರು ಮಾಡಿ ಇನ್ನೊಂದು ಸುತ್ತು ಬನ್ನಿ. ತಂತಿಗಳು ಮೊದಲೇ ಬಹಳ ಇಳಿದಿದ್ದರೆ ಮೂರು ಸುತ್ತು.

ಆಮೇಲೆ ಜವಾರಿ. ಒಂದೊಂದೇ ದಾರವನ್ನು ಕುದುರೆಯ ಬೆನ್ನಿನ ಮೇಲೆ ತಂತಿಯ ಅಡಿಯಲ್ಲಿ ಮುಂದಕ್ಕೆ ಜರುಗಿಸುತ್ತ ತಂತಿ ಮೀಟುತ್ತಿರಿ. ಕೂದಲೆಳೆ, ಕೂದಲೆಳೆಯಾಗಿ. ಮೊದಲು ಸದ್ದು ಮುಚ್ಚಿಕೊಂಡಂತೆ ಇರುತ್ತದೆ. ಒಂದು ಜಾಗದಲ್ಲಿ ತಟ್ಟನೆ ತೆರೆದು, ಮೀಟಿದ ತಂತಿಯೊಳಗಿಂದ ಜೇನುಹುಳುಗಳ ಹಿಂಡು ಎದ್ದ ಹಾಗೆ ಝೇಂಕಾರ ಹೊರಡುತ್ತದೆ, ಮೇಲಿನ ಸ್ವರದಿಂದ ಕೆಳಗಿನ ಸ್ವರಕ್ಕೆ ಮೆಟ್ಟಿಲಿಳಿದಂತೆ ಇಳಿಯುತ್ತದೆ. ಇನ್ನೂ ಸರಿಸಿದರೆ ಸದ್ದು ಒಡೆದು ಗರಗರ ಎನ್ನುತ್ತದೆ, ಆಯುಷ್ಯವೂ ಕಡಿಮೆ. ತೆರೆದ ಜಾಗದಲ್ಲೇ ನಿಲ್ಲಿಸಿ. ದಾರ ಹತ್ತಿಯದಿರಲಿ, ನಾಲ್ಕೂ ಒಂದೇ ದಪ್ಪದ್ದಿರಲಿ. ಕುದುರೆಯ ಬೆನ್ನು ಸಪಾಟಾಗಿ ಕಂಡರೂ ಅದಕ್ಕೆ ಸಣ್ಣ ಇಳಿಜಾರಿನ ದುಂಡು ಇದೆ. ಕಂಪಿಸುವ ತಂತಿ ಅದನ್ನು ತಟ್ಟಿ ತಟ್ಟಿ ಬಿಡುವುದರಿಂದ ಹಾರ್ಮೋನಿಕ್‌ಗಳು ಮತ್ತೆ ಮತ್ತೆ ಹುಟ್ಟುತ್ತವೆ. ಸಾಮಾನ್ಯ ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲವಾಗಿರಬೇಕಾದ ಹಾರ್ಮೋನಿಕ್‌ಗಳು ಹುಟ್ಟಬಾರದು ಎಂಬುದು ಹಳೆಯ ನಿಯಮ. ತಂಬೂರಿ, ವೀಣೆಗಳ ಕುದುರೆ ಈ ನಿಯಮವನ್ನು ಮುರಿಯುತ್ತದೆಂದು ಸಿ. ವಿ. ರಾಮನ್ 1921ರಲ್ಲೇ ಬರೆದು ತೋರಿಸಿದರು.

ದಾರ ಕೂತ ಮೇಲೆ ಸ್ವರ ಒಂದಷ್ಟು ಸರಿದಿರುತ್ತದೆ. ಈ ಹಂತದಲ್ಲಿ ಖುಂಟಿ ಮುಟ್ಟಬೇಡಿ, ಮಣಿಗಳದ್ದೇ ಕೆಲಸ. ಕಾರಣ ಲೆಕ್ಕದಲ್ಲೇ ಇದೆ. ತಂತಿ ಸುತ್ತಿರುವ ಜಾಗದಲ್ಲಿ ಖುಂಟಿ 8 ಮಿ.ಮೀ. ದಪ್ಪ ಇದ್ದರೆ ಅದನ್ನು ಒಂದೇ ಒಂದು ಡಿಗ್ರಿ ತಿರುವಿದರೂ ಉಕ್ಕಿನ ಜೋಡಿ ತಂತಿ ಸುಮಾರು 17 ಸೆಂಟ್ ಜಿಗಿಯುತ್ತದೆ. ಒಂದು ಸೆಂಟಿಗಾಗಿ ಹುಡುಕುವವರಿಗೆ ಖುಂಟಿ ಬಹಳ ಒರಟು ಸಾಧನ. ಮಣಿಯನ್ನು ಕುದುರೆಯಿಂದ ದೂರ, ಲಂಗೋಟದ (ತಂತಿಗಳ ಕೆಳತುದಿ ಕಟ್ಟಿರುವ ಜಾಗ) ಕಡೆ ಸರಿಸಿದರೆ ಸ್ವರ ಏರುತ್ತದೆ. ಕುದುರೆಯ ಕಡೆ ತಂದರೆ ಇಳಿಯುತ್ತದೆ. ಸರಿಸುವಾಗ ಇನ್ನೊಂದು ಕೈಯಿಂದ ತಂತಿಯನ್ನು ಮೀಟುತ್ತಲೇ ಇರಿ, ಮಣಿಯನ್ನು ಜಗ್ಗಬೇಡಿ, ಹೆಬ್ಬೆರಳಿನಿಂದ ತಳ್ಳಿ.

ಕೂಡಿತೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಗಾಂಧಾರ. ಖರ್ಜದ ಐದನೆಯ ಹಾರ್ಮೋನಿಕ್ 346.5, ಅದು ತಾರ ಸಪ್ತಕದ ಶುದ್ಧ ಗಾಂಧಾರ. ಯಾವ ತಂತಿಯನ್ನೂ ಗಾಂಧಾರಕ್ಕೆ ಕಟ್ಟಿಲ್ಲ, ಆದರೂ ತಂಬೂರಿ ಕೂಡಿದಾಗ ಖರ್ಜ ಮೀಟಿದ ಬೆನ್ನಿಗೆ ಅದು ತಾನಾಗಿ ತೇಲಿ ಬರುತ್ತದೆ. ಪಂಚಮದ ತಂತಿಯಿಂದ ಇದೇ ರೀತಿ ತಾರ ರಿಷಭ (ಮೂರನೆಯದು, 311.9) ಮತ್ತು ತಾರ ನಿಷಾದ (ಐದನೆಯದು, 519.8) ಏಳುತ್ತವೆ. ಗಾಂಧಾರ ತಾನೇ ಕೇಳುವವರೆಗೆ ಕಾಯಿರಿ. ಕೇಳದಿದ್ದರೆ ಖರ್ಜವನ್ನು ಮೇರುವಿನಿಂದ 20 ಸೆಂ.ಮೀ.ನಲ್ಲಿ ಸೋಕಿಸಿ ಮೀಟಿ, ಹುಡುಕಬೇಕಾದ ಸ್ವರ ಯಾವುದೆಂದು ಕಿವಿಗೆ ತೋರಿಸಿಕೊಡಿ, ಆಮೇಲೆ ತೆರೆದ ತಂತಿಯಲ್ಲಿ ಅದನ್ನು ಹುಡುಕಿ. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಪುಣೆಯಲ್ಲಿ ನೆಲೆಸಿದ ಗದಗಿನ ಭೀಮಸೇನ ಜೋಶಿಯವರಿಗೆ ಬಂದ ಕಿರಾಣಾ ಘರಾಣೆಯ ಹಾಡುಗಾರಿಕೆಯಲ್ಲಿ ಒಂದೊಂದು ಸ್ವರದ ಮೇಲೆ ಅಷ್ಟು ಹೊತ್ತು ನಿಲ್ಲಲು ಸಾಧ್ಯವಾಗುವುದು ಕೆಳಗೆ ಇಂಥ ತಂಬೂರಿ ಇದ್ದಾಗ.

ಪೆಟ್ಟಿಗೆಯ ಬಗ್ಗೆ ಇಲ್ಲೇ ಒಂದು ಎಚ್ಚರಿಕೆ. ಪೆಟ್ಟಿಗೆಯ ಗಾಂಧಾರ ಅದೇ ಎತ್ತರದಲ್ಲಿ 349.2, ತಂಬೂರಿಯದಕ್ಕಿಂತ 14 ಸೆಂಟ್ ಮೇಲೆ. ಎರಡನ್ನೂ ಒಟ್ಟಿಗೆ ಹಿಡಿದರೆ ಸೆಕೆಂಡಿಗೆ ಸುಮಾರು ಮೂರು ಅಲೆ. ನೀವು ಯಮನ್ ರಾಗ ಹಾಡುವಾಗ ಗಾಂಧಾರದಲ್ಲಿ ತಡವರಿಸುತ್ತಿದ್ದರೆ ಪೆಟ್ಟಿಗೆ ಒಂದು ಕಡೆ, ತಂಬೂರಿ ಒಂದು ಕಡೆ ಎಳೆಯುತ್ತಿರುವುದು ಕಾರಣವಾಗಿರಬಹುದು. ರಿಯಾಜಿನಲ್ಲಿ ಪೆಟ್ಟಿಗೆಯಿಂದ ಷಡ್ಜ ತೆಗೆದುಕೊಂಡು ಅದನ್ನು ಮುಚ್ಚಿಡಿ.

ಪಂಚಮ ಇಲ್ಲದ ರಾಗಗಳಿಗೆ ಮೊದಲ ತಂತಿ ಬದಲಾಗುತ್ತದೆ. ಮಾಲಕಂಸಕ್ಕೆ ಮಧ್ಯಮ, 92.4 ಹರ್ಟ್ಜ್. ಮಧ್ಯಮದ ತಂತಿಯನ್ನು 33.3 ಸೆಂ.ಮೀ.ನಲ್ಲಿ, ಜೋಡಿಯನ್ನು ನಡುವೆ ಸೋಕಿಸಿ ಮೀಟಿದರೆ ಎರಡೂ ತಾರ ಷಡ್ಜ ನುಡಿಯುತ್ತವೆ. ಮಧ್ಯಮಕ್ಕೆ ಕೂಡಿಸುವಾಗ ಒಂದು ಮೋಸವಿದೆ. ಸ್ವಲ್ಪ ಹೊತ್ತಾದ ಮೇಲೆ ಕಿವಿ ಮಧ್ಯಮವನ್ನೇ ಷಡ್ಜ ಎಂದೂ, ಷಡ್ಜವನ್ನು ಪಂಚಮ ಎಂದೂ ಕೇಳತೊಡಗುತ್ತದೆ. ಹಾಗಾದಾಗ ಖರ್ಜವನ್ನು ಎರಡು ಸಲ ಗಟ್ಟಿಯಾಗಿ ಮೀಟಿ ಷಡ್ಜ ಹಾಡಿ, ಸ್ಥಾನ ಮರಳುತ್ತದೆ. ಮಾರವಾ, ಪೂರಿಯಾಗಳಿಗೆ ಮಂದ್ರ ನಿಷಾದ ಕಟ್ಟುವುದು ಕಷ್ಟದ ಕೆಲಸ. ಏಕೆಂದರೆ ನಿಷಾದ ಮತ್ತು ಷಡ್ಜ ಸಂಧಿಸುವ ಜಾಗ ತೀರಾ ಮೇಲಿದೆ, ಅಲೆ ಕೇಳುವುದಿಲ್ಲ. ಅದಕ್ಕೆ ದಾರಿ ಗಾಂಧಾರದ ಮೂಲಕ. ಖರ್ಜದಿಂದ ಏಳುವ ಗಾಂಧಾರವನ್ನು ಗಂಟಲಲ್ಲಿ ಹಿಡಿಯಿರಿ, ಅದನ್ನೇ ಷಡ್ಜ ಎಂದು ಭಾವಿಸಿ ಅದರ ಪಂಚಮ ಹಾಡಿ. ನೀವು ಹಾಡಿದ್ದು ನಿಷಾದ. ತಂತಿಯನ್ನು ಅದಕ್ಕೆ ತನ್ನಿ, 129.9 ಹರ್ಟ್ಜ್ ಸುತ್ತ ಬರುತ್ತದೆ.

ಈಗ ನಮ್ಮ ಊರಿನ ಹವೆ. ಮಳೆಗಾಲದಲ್ಲಿ ಮುಂಬೈಯ ತೇವಕ್ಕೆ ಖುಂಟಿ ಉಬ್ಬಿ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಇಕ್ಕಳ ಹಾಕಿ ತಿರುವಿದರೆ ಖುಂಟಿಯ ಕತ್ತು ಮುರಿಯುತ್ತದೆ. ಕೋಣೆಯ ಗಾಳಿ ಒಣಗಿಸಿ ಒಂದು ದಿನ ಬಿಡಿ, ಆಮೇಲೆ ಸಣ್ಣ ತುದಿಯ ಕಡೆಯಿಂದ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಸಡಿಲಿಸಿ. ಡಿಸೆಂಬರಿನಲ್ಲಿ ಪುಣೆಯ ಕಡೆ ಹೋದರೆ ಇದಕ್ಕೆ ವಿರುದ್ಧ, ಒಣ ಚಳಿಗೆ ಖುಂಟಿ ಸೊರಗಿ ಜಾರುತ್ತದೆ. ಅದಕ್ಕೆ ಒಣ ಸೀಮೆಸುಣ್ಣ ಉಜ್ಜಿ. ಎಣ್ಣೆಯನ್ನು ಎಂದೂ ಮುಟ್ಟಿಸಬೇಡಿ. ತಂಬೂರಿಯನ್ನು ಮಳೆನೀರು ಒಸರುವ ಹೊರಗೋಡೆಗೆ ಒರಗಿಸಿ ಇಡುವುದೂ ಬೇಡ.

ಲೋಕಲ್ ರೈಲಿನಿಂದಿಳಿದು ಎಸಿ ಹಾಲಿಗೆ ಹೋದಾಗ ತಂತಿಗಳು ಕುಗ್ಗಿ ಸ್ವರ ಏರುತ್ತದೆ, ವೇದಿಕೆಯ ದೀಪದ ಶಾಖಕ್ಕೆ ಮತ್ತೆ ಇಳಿಯುತ್ತದೆ. ಎಲ್ಲವೂ ಒಂದೇ ಅಳತೆಯಲ್ಲಿ ಇಳಿದರೆ ಚಿಂತೆ ಇರಲಿಲ್ಲ. ಖರ್ಜದ ತಂತಿ ಹಿತ್ತಾಳೆಯದು, ಜೋಡಿ ಉಕ್ಕಿನದು. ಹಿತ್ತಾಳೆ ಉಕ್ಕಿಗಿಂತ ಒಂದೂವರೆ ಪಟ್ಟು ಹಿಗ್ಗುವುದರಿಂದ ಖರ್ಜವೇ ಮೊದಲು ಕೈಕೊಡುತ್ತದೆ. ವೇದಿಕೆಯ ಮೇಲೆ ಕೂತು ಹತ್ತು ನಿಮಿಷವಾದ ಮೇಲೆ ಖರ್ಜ ಮತ್ತು ಜೋಡಿಯ ನಡುವಿನ ಅಲೆಯನ್ನು ಮೊದಲು ನೋಡಿ, ಸಾಮಾನ್ಯವಾಗಿ ಮಣಿಯಲ್ಲೇ ಸರಿಹೋಗುತ್ತದೆ.

ಎಷ್ಟು ಸರಿಸಿದರೂ ಒಂದು ತಂತಿಯ ಜವಾರಿ ಮಾತ್ರ ತೆರೆಯದಿದ್ದರೆ ಕುದುರೆಯನ್ನು ಓರೆ ಬೆಳಕಿಗೆ ಹಿಡಿದು ನೋಡಿ. ಆ ತಂತಿಯ ಅಡಿಯಲ್ಲಿ ಗೀರಿನಂಥ ಹಳ್ಳ ಬಿದ್ದಿರುತ್ತದೆ. ನೀವೇ ಮರಳುಕಾಗದ ತೆಗೆದುಕೊಂಡು ಉಜ್ಜಲು ಹೋಗಬೇಡಿ. ಕುದುರೆಯ ಇಳಿಜಾರು ಹಾಳಾದರೆ ನಾಲ್ಕೂ ತಂತಿ ಸತ್ತ ಹಾಗೆ. ಕುದುರೆಯ ಬೆನ್ನನ್ನು ಹದಮಾಡಿ ಜವಾರಿ ತೆಗೆಯುವುದು ಮೀರಜ್‌ನ ಕಸಬುದಾರರ ಕೈಯಲ್ಲಿ ತಲೆಮಾರುಗಳಿಂದ ನಿಂತ ವಿದ್ಯೆ, ಅಂಥ ಕೈಗೇ ಕೊಡಿ.

ಇನ್ನು ನಿಮ್ಮ ಖರ್ಜ. ನೀವು ಬರೆದದ್ದನ್ನು ನೋಡಿದರೆ ತಪ್ಪು ನಿಮ್ಮ ಕೈಯದಲ್ಲ, ತಂತಿಯದೇ ಇರಬೇಕು. ಹಳೆಯ ಹಿತ್ತಾಳೆ ತಂತಿ ಬೆವರು ತಿಂದು, ಉಪ್ಪುಗಾಳಿ ತಿಂದು, ಒಂದು ಕಡೆ ಸವೆದು, ಇನ್ನೊಂದು ಕಡೆ ಸಣ್ಣ ಮುರಿತ ಬಿದ್ದು ದಪ್ಪ ಏರುಪೇರಾಗುತ್ತದೆ. ಅಂಥ ತಂತಿಯ ಎರಡನೆಯ, ಮೂರನೆಯ ಹಾರ್ಮೋನಿಕ್‌ಗಳು ಮೂಲ ಸ್ವರದ ಸರಿಯಾದ ಎರಡು ಪಟ್ಟು, ಮೂರು ಪಟ್ಟು ಆಗುವುದೇ ಇಲ್ಲ. ಒಂದು ಹಾರ್ಮೋನಿಕ್ ಕೂಡಿಸಿದರೆ ಇನ್ನೊಂದು ಬಿಟ್ಟುಹೋಗುತ್ತದೆ, ಆದ್ದರಿಂದಲೇ ಎಲ್ಲಿ ತಿರುವಿದರೂ ನಿಂತಂತೆ ಅನಿಸುವುದಿಲ್ಲ. ಪರೀಕ್ಷೆ ಸುಲಭ. ದಾರ ಹಿಂದೆ ಸರಿಸಿ, ಖರ್ಜದ ನಡುವೆ ಸೋಕಿಸಿ ಬಂದ ಸದ್ದನ್ನು ಜೋಡಿಗೆ ಅಲೆಯಿಲ್ಲದಂತೆ ಕೂಡಿಸಿ. ಆಮೇಲೆ ಖರ್ಜವನ್ನು 25 ಸೆಂ.ಮೀ.ನಲ್ಲಿ, ಜೋಡಿಯನ್ನು 50ರಲ್ಲಿ ಸೋಕಿಸಿ ಹೋಲಿಸಿ. ಎರಡೂ 277.2 ಆಗಬೇಕು. ಮೊದಲನೆಯದರಲ್ಲಿ ನಿಂತ ಅಲೆ ಎರಡನೆಯದರಲ್ಲಿ ಜೋರಾಗಿ ಬಂದರೆ ಆ ತಂತಿ ಕೂಡುವುದಿಲ್ಲ, ಬಿಚ್ಚಿಹಾಕಿ.

ಹೊಸದನ್ನು ತರುವಾಗ ಹಳೆಯ ತಂತಿಯ ಒಂದು ತುಂಡು ಅಂಗಡಿಗೆ ಒಯ್ದು ಅದೇ ದಪ್ಪದ್ದು ಕೇಳಿ. ಕಾಳಿ ಒಂದಕ್ಕೆ, ಒಂದು ಮೀಟರ್ ಉದ್ದಕ್ಕೆ, ಹಿತ್ತಾಳೆಯಲ್ಲಿ 0.55 ಮಿ.ಮೀ. ಇದ್ದರೆ ಎಳೆತ ಸುಮಾರು 4 ಕಿಲೊ, ಮಿಕ್ಕ ತಂತಿಗಳಿಗೆ ಸಮನಾಗಿ ಬರುತ್ತದೆ. ಅದಕ್ಕಿಂತ ತೀರಾ ತೆಳುವಾದದ್ದು ಹಾಕಿದರೆ ಜೋಲುತ್ತದೆ, ಜವಾರಿ ನಿಲ್ಲುವುದಿಲ್ಲ. ಸುರುಳಿ ಬಿಚ್ಚುವಾಗ ಗಂಟು ಬೀಳದಂತೆ ಉರುಳಿಸುತ್ತ ಬಿಚ್ಚಿ. ಒಮ್ಮೆ ಮಡಿಕೆ ಬಿದ್ದ ಹಿತ್ತಾಳೆ ತಂತಿ ಹೊಸದಾದರೂ ಹಳೆಯದರ ಹಾಗೇ ವರ್ತಿಸುತ್ತದೆ. ಕಟ್ಟಿದ ಮೇಲೆ ನಡುವೆ ಹಿಡಿದು ಮೆತ್ತಗೆ ಎರಡು ಮೂರು ಸಲ ಎಳೆದು ಬಿಡಿ. ಎರಡು ಮೂರು ದಿನ ಅದು ಇಳಿಯುತ್ತಲೇ ಇರುತ್ತದೆ, ಆಗ ಖುಂಟಿಯಲ್ಲಿ ಏರಿಸಿದರೆ ಸಾಕು. ಮಣಿ, ದಾರಗಳ ಸೂಕ್ಷ್ಮಕ್ಕೆ ನಾಲ್ಕನೆಯ ದಿನ ಕೂರಿ.